ಬೇಚರಾಕ ಆಗಲಾರದ ಊರು

ಅಮೆರಿಕಾ ಅಂದಕೂಡ್ಲೆ ನಮ್ಮ ಮಂದಿ ಕಣ್ಣಮುಂದ ಮುಗಿಲು ಮುಟ್ಟೋ ಕಟ್ಟಡ, ಅಗಲ ರಸ್ತೆ, ಗಾಜಿನ ಆಫೀಸು ಇಷ್ಟ ಬರ್ತಾವ. ನಮ್ಮ ಓಣಿಯ ಕಾಕು, ವೈನಿ, ಮೌಶಿ ಭಾಳ ಮಂದಿ ಮಕ್ಕಳ ಮನಿಗೆ ಬಾಣಂತನಕ್ಕ ಹೋಗಿ ಬಂದವರ. ಅವರು ನೋಡಿದ್ದು ಮಾಲು, ಗುಡಿ, ನಯಾಗರಾ. ನಾನು ನೆಬ್ರಾಸ್ಕಾ ರಾಜ್ಯದ ಒಮಾಹಾದಾಗ ಮಗಳ ಮನಿಯೊಳಗ ಆರು ತಿಂಗಳು ಇದ್ದೆ. ಹೊತ್ತು ಹೋಗಬೇಕಲ್ಲಾ, ಆ ಸೀಮೆಯ ಇತಿಹಾಸ ಓದಿಕೋತ ಕೂತೆ. ಆವಾಗ ಸಿಕ್ಕಿದ್ದು ಮೊನೊವಿ ಅನ್ನೋ ಊರು. 2010ರ ಜನಗಣತಿಯೊಳಗ ಈ ಊರಿನ ಜನಸಂಖ್ಯೆ ಎಷ್ಟು ಹೇಳ್ರಿ ನೋಡೋಣ? ಒಂದು! ಒಂದು ನೂರಲ್ಲ, ಒಂದು ಡಜನ್ ಸುದ್ಧಾ ಅಲ್ಲ. ಒಬ್ಬಾಕಿ ಹೆಣ್ಣುಮಗಳು, ಎಲ್ಸಿ ಐಲರ್.

ಇದನ್ನ ಕೇಳಿದವರು ಮೊದಲ ನಗ್ತಾರ. ಆದ್ರ ನನಗ ತಲಿಯೊಳಗ ಹೊಕ್ಕಿದ್ದು ಬ್ಯಾರೆ. 1930ರ ದಶಕದಾಗ ಈ ಊರಾಗ ಸುಮಾರು 150 ಮಂದಿ ಇದ್ದರು. ಅಲ್ಲೆ ಯುದ್ಧ ಆಗಲಿಲ್ಲ, ಪ್ಲೇಗ್ ಬರಲಿಲ್ಲ, ನಮ್ಮ ಕಡೆ ಆದಂಗ ಡ್ಯಾಮಿನ ನೀರಾಗ ಊರು ಮುಳುಗಲಿಲ್ಲ. ಹಂಗಾದ್ರ ಊರಿನ ಮಂದಿ ಎಲ್ಲೆ ಹೋದ್ರು?

ಮೊದಲ ಒಂದು ಮಾತು ಹೇಳಬೇಕು. ಆ ನೆಲ ಖಾಲಿ ಬಿದ್ದಿದ್ದಲ್ಲ. ನಯೊಬ್ರಾರಾ ಮತ್ತು ಮಿಸೌರಿ ನದಿಗಳ ನಡುವಿನ ಆ ಸೀಮೆ ಪೊಂಕಾ ಅನ್ನೋ ಮೂಲನಿವಾಸಿಗಳ ನಾಡು. 1877ರಾಗ ಸರಕಾರ ಅವರನ್ನ ದಕ್ಷಿಣದ ಈಗಿನ ಒಕ್ಲಹೋಮಾ ಕಡೆ ಒಯ್ದು ಬಿಟ್ಟಿತು. ಅವರ ಮುಖಂಡ ಸ್ಟ್ಯಾಂಡಿಂಗ್ ಬೇರ್. ಅವನ ಮಗಳು ಹಾದಿಯೊಳಗ ಸತ್ತಳು. ಅಲ್ಲಿಗೆ ಮುಟ್ಟಿದ ಮ್ಯಾಲೆ ಮಗನೂ ಸತ್ತ. ಮಗನ ಮಣ್ಣು ತನ್ನ ಊರಾಗ ಆಗಬೇಕಂತ ಆ ತಂದಿ 1879ರ ಜನವರಿ ಥಂಡಿಯೊಳಗ ಎಲುಬು ಕಟಗೊಂಡು ವಾಪಸ್ ಹೊರಟ. ಅವನನ್ನ ಹಿಡದ್ರು. ಒಮಾಹಾದ ಕೋರ್ಟಿನಾಗ ಖಟ್ಲೆ ನಡೀತು. ಮೂಲನಿವಾಸಿಯೂ ಕಾನೂನಿನ ಕಣ್ಣಾಗ ಒಬ್ಬ ‘ವ್ಯಕ್ತಿ’ ಅಂತ ನ್ಯಾಯಾಧೀಶರು ತೀರ್ಪು ಕೊಟ್ಟರು. ಅಷ್ಟು ಸಣ್ಣ ಮಾತಿಗೂ ಕೋರ್ಟು ಬೇಕಾಗಿತ್ತು ಅನ್ನೋದನ್ನ ನೆನಪಿಟ್ಟುಕೊಂಡ ಮುಂದಿನ ಕಥಿ ಕೇಳ್ರಿ.

1862ರಾಗ ಹೋಮ್‌ಸ್ಟೆಡ್ ಅನ್ನೋ ಕಾಯ್ದೆ ಬಂದಿತ್ತು. ಸಣ್ಣದೊಂದು ಫೀ ತುಂಬಿ, ಐದು ವರ್ಷ ಅಲ್ಲೇ ಇದ್ದು ಉತ್ತಿ ಬಿತ್ತಿದ್ರ 160 ಎಕರೆ ಭೂಮಿ ನಿಮ್ಮದು. ನಮಗ ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ ಅಂದ್ರ, 21 ವರ್ಷ ದಾಟಿದ ಮದುವಿಯಿಲ್ಲದ ಹೆಣ್ಣುಮಗಳು, ಗಂಡ ಸತ್ತಾಕಿ ಸುದ್ಧಾ ತನ್ನ ಹೆಸರಿಲೆ ಅರ್ಜಿ ಹಾಕಬಹುದಿತ್ತು. ಗಂಡ ಇದ್ದಾಕಿಗೆ ಮಾತ್ರ ಸಾಮಾನ್ಯವಾಗಿ ಈ ಹಕ್ಕು ಇರಲಿಲ್ಲ. ಆಕಿ ದುಡಿಮಿ ಎಲ್ಲಾ ಗಂಡನ ಹೆಸರಿನ ಕಾಗದದಾಗ ಹೋತು. ಈ ಮಾತು ನಮ್ಮ ಮನಿತನದ ಉತಾರ ತಗದು ನೋಡಿದವರಿಗೆ ಹೊಸದೇನಲ್ಲ.

ಹಂಗ ಬಂದ ಮಂದಿ ಹೆಂಗ ಬಾಳೇವು ಮಾಡಿದ್ರು ಅಂತೀರಿ? ನೆಬ್ರಾಸ್ಕಾದ ಹುಲ್ಲುಗಾವಲದಾಗ ಗಿಡ ಭಾಳ ಕಡಿಮಿ. ಮನಿ ಕಟ್ಟಲಿಕ್ಕೆ ಕಟ್ಟಿಗಿ ಎಲ್ಲಿಂದ ಬರಬೇಕು? ಬೇರಿನ ಸಮೇತ ಹುಲ್ಲುನೆಲಾನ ಇಟ್ಟಂಗಿಯಂಗ ಕೊಯ್ದು, ಒಂದರ ಮ್ಯಾಲೆ ಒಂದು ಇಟ್ಟು ಗ್ವಾಡಿ ಏರಿಸಿದ್ರು. ಬ್ಯಾಸಗಿಯೊಳಗ ತಂಪು, ಚಳಿಗಾಲದಾಗ ಬೆಚ್ಚಗ. ಆದ್ರ ಮಳಿ ಬಂದ್ರ ಮಾಳಗಿಯಿಂದ ರಾಡಿ ನೀರು ಸೋರೋದು, ಮಣ್ಣು, ಹುಳ, ಒಮ್ಮೊಮ್ಮೆ ಹಾವು ಉದುರೋದು. ಅದಕ್ಕ ಹೆಣ್ಣುಮಕ್ಕಳು ಮಾಳಗಿ ಕೆಳಗ ತೆಳ್ಳನ ಅರಬಿ ಬಿಗಿದು ಕಟ್ಟತಿದ್ರು. ಒಲಿಗೆ ಏನು? ಕಾಡೆಮ್ಮಿಯ ಒಣ ಸಗಣಿ, ಆಮ್ಯಾಲೆ ಆಕಳ ಸಗಣಿ. ಅಂದ್ರ ನಮ್ಮ ಕುಳ್ಳ ರೀ! ನಾವು ಕೈಯಿಂದ ತಟ್ಟಿ ಗ್ವಾಡಿಗೆ ಬಡೀತಿದ್ವಿ, ಅವರು ಬಯಲಾಗ ಒಣಗಿದ್ದನ್ನ ಉಡಿ ತುಂಬ ಆರಿಸಿಕೊಂಡು ಬರ್ತಿದ್ರು. ಅದೂ ಸಿಗದಿದ್ರ ಹುಲ್ಲನ್ನ ಹುರಿ ಹೊಸದಂಗ ತಿರುವಿ ಒಲಿಗೆ ಹಾಕತಿದ್ರು, ಗೋವಿನಜೋಳದ ದಂಟು ಉರಸ್ತಿದ್ರು.

ಮೊನೊವಿ ಹುಟ್ಟಿದ್ದು ಸ್ವಲ್ಪ ತಡಾ, 1902ರಾಗ, ರೈಲು ಅಲ್ಲಿ ತನಕಾ ಬಂದಾಗ. ಆ ಹೆಸರಿಗೆ ಯಾವುದೋ ಮೂಲನಿವಾಸಿ ಭಾಷಾದಾಗ ಹೂವು ಅಂತ ಅರ್ಥ ಅಂತಾರ. ಕಾಡುಹೂವು ಭಾಳ ಇದ್ದವಂತ. ಆ ಕಾಲಕ್ಕ ಆ ಸೀಮೆಯ ಊರು ನಮ್ಮ ಊರಿನಂಗ ಕೆರಿ, ಗುಡಿ ನೋಡಿ ತಾನ ಬೆಳದದ್ದಲ್ಲ. ರೈಲಿನವರು ಹಳಿ ಹಾಕಿಕೋತ ಕೆಲವು ಮೈಲಿಗೊಂದು ಸ್ಟೇಶನ್ ಮಾಡಿ, ಅಲ್ಲೆ ಪ್ಲಾಟ್ ಹಾಕಿ ಮಾರತಿದ್ರು. ರೈತ ಚಕ್ಕಡಿಯೊಳಗ ಕಾಳು ತಂದು ಹಾಕಿ, ಸಂತಿ ಮಾಡಿಕೊಂಡು, ಕತ್ತಲಾಗೋದ್ರಾಗ ಮನಿ ಮುಟ್ಟಬೇಕು. ಅಷ್ಟು ಲೆಕ್ಕ. ಈ ‘ಚಕ್ಕಡಿ ಲೆಕ್ಕ’ ನೆನಪಿಡ್ರಿ. ಊರು ಹುಟ್ಟಿದ್ದೂ ಅದರಿಂದ, ಸೊರಗಿದ್ದೂ ಅದು ಹೋಗಿದ್ದರಿಂದ.

ಒಂದು ಚರ್ಚು, ಒಂದು ಸಾಲಿ, ಪೋಸ್ಟು, ಕಿರಾಣಿ ಅಂಗಡಿ, ಒಂದು ಸೆರೆ ಅಂಗಡಿ. ಇಂಥಾ ಊರಾಗ ಎಲ್ಲಾರಿಗೂ ಎಲ್ಲಾರ ಮನಿ ಸುದ್ದಿ ಗೊತ್ತು. ಹಳ್ಳಿಗಾಡಿನಾಗ ಹತ್ತು-ಹನ್ನೆರಡು ಮನಿಗೆ ಕೂಡಿ ಒಂದ ಟೆಲಿಫೋನ್ ತಂತಿ ಇರ್ತಿತ್ತು, ಒಂದೊಂದು ಮನಿಗೆ ಒಂದೊಂದು ನಮೂನಿ ಗಂಟಿ. ಯಾರದರ ಗಂಟಿ ಬಡಿದ್ರೂ ಉಳಿದವರು ಸಾವಕಾಶ ಫೋನ್ ಎತ್ತಿ ಕಿವಿ ಹಚ್ಚತಿದ್ರು. ನಮ್ಮಲ್ಲಿ ಬಾವಿಕಟ್ಟಿ ಮಾಡೋ ಕೆಲಸ ಅಲ್ಲೆ ತಂತಿ ಮಾಡ್ತು, ಅಷ್ಟ ಫರಕ್! ಆದ್ರ ಅದ ತಂತಿ ಮ್ಯಾಲೆ ಬೆಂಕಿ ಬಿದ್ದದ್ದು, ಹೆರಿಗಿ ಬ್ಯಾನಿ ಶುರುವಾದದ್ದು ಎಲ್ಲಾ ಗೊತ್ತಾಗಿ ಮಂದಿ ಓಡಿ ಬರ್ತಿದ್ರು. ಲೈಟು ಮಾತ್ರ ಭಾಳ ತಡಾ. 1930ರ ದಶಕದ ನಡುವ ಆ ದೇಶದ ಹತ್ತು ರೈತರ ಮನಿಯೊಳಗ ಒಂಬತ್ತಕ್ಕ ಕರೆಂಟ್ ಇರಲಿಲ್ಲ. ಅಮೆರಿಕಾದಾಗೂ ನಮ್ಮವ್ವನಂಗ ನೀರು ಹೊತ್ತು, ಕಂದೀಲು ಒರಸಿದ ಹೆಣ್ಣುಮಕ್ಕಳು ಇದ್ದರು ಅನ್ನೋದು ನನಗ ಅಲ್ಲಿತನಕ ಗೊತ್ತಿರಲಿಲ್ಲ.

ಆಮ್ಯಾಲೆ ಟ್ರ್ಯಾಕ್ಟರ್ ಬಂತು. ಹತ್ತು ಮಂದಿ ಹೊಲ ಒಬ್ಬ ಉಳಲಿಕ್ಕೆ ಹತ್ತಿದ. ಹೊಲ ದೊಡ್ಡವಾದ್ವು, ರೈತರು ಕಡಿಮಿ ಆದ್ರು. 1935ರಾಗ ಇಡೀ ಅಮೆರಿಕಾದಾಗ ಸುಮಾರು 68 ಲಕ್ಷ ಒಕ್ಕಲುತನದ ಹೊಲಮನಿ ಇದ್ದವು, ಈಗ 20 ಲಕ್ಷದ ಹತ್ತಿರ ಬಂದಾವ. ಕಾರು ಬಂತು, ಚಕ್ಕಡಿ ಲೆಕ್ಕ ಹೋತು. ಹತ್ತು ಮೈಲಿಗೆ ಹೋಗಾವ ನಲವತ್ತು ಮೈಲಿ ದೂರದ ದೊಡ್ಡ ಪ್ಯಾಟಿಗೇ ಹೋದ. ಊರಿನ ಅಂಗಡಿಯವಗ ಯಾರ ಮ್ಯಾಲೂ ಸಿಟ್ಟಿಲ್ಲ, ಆದ್ರ ಗಿರಾಕಿ ಇಲ್ಲ.

ಮೊನೊವಿಯೊಳಗ ಒಂದೊಂದ ಬಾಗಿಲು ಮುಚ್ಚಿದ್ದು ನೋಡ್ರಿ. ಚರ್ಚಿನಾಗ ಕಡೀ ಶವಸಂಸ್ಕಾರ ಆದದ್ದು 1960ರಾಗ. ಅದು ಎಲ್ಸಿಯ ತಂದಿಯದ. 1967ರಾಗ ಪೋಸ್ಟು ಮುಚ್ಚಿತು. 1970ರ ಹೊತ್ತಿಗೆ ಉಳಿದ ಕಿರಾಣಿ ಅಂಗಡಿ ಹೋದ್ವು. 1974ರಾಗ ಸಾಲಿ ಮುಚ್ಚಿತು. ಯಾವ ಬಾಗಿಲಾನೂ ಯಾರೂ ದ್ವೇಷಲೆ ಮುಚ್ಚಲಿಲ್ಲ. ಪ್ರತಿ ಸಲಾನೂ ಯಾರೋ ಲೆಕ್ಕಾ ಮಾಡಿ, ‘ಇಷ್ಟ ಮಂದಿಗೆ ಇದು ಪರವಡಂಗಿಲ್ಲ’ ಅಂದ್ರು. ಲೆಕ್ಕಾನೂ ಖರೇನ ಇತ್ತು. ಆದ್ರ ಸಾಲಿ ಮುಚ್ಚಿದ ಊರಿಗೆ ಸಣ್ಣ ಮಕ್ಕಳ ತಾಯಿ ಯಾಕ ಬಂದು ಇರ್ತಾಳ? ಮಕ್ಕಳಿಲ್ಲದ ಊರಿಗೆ ಅಂಗಡಿ ಯಾರು ಇಡ್ತಾರ? ಒಂದು ಲೆಕ್ಕ ಮುಂದಿನ ಲೆಕ್ಕಾನ ಖರೇ ಮಾಡಿಕೋತ ಹೋತು. 1980ರಾಗ 18 ಮಂದಿ, 2000ಕ್ಕ ಇಬ್ಬರು: ಎಲ್ಸಿ ಮತ್ತ ಆಕಿ ಗಂಡ ರೂಡಿ.

ಎಲ್ಸಿ ಆ ಸೀಮೆಯೊಳಗ ಬೆಳೆದಾಕಿ. ಗಂಡ-ಹೆಂಡತಿ 1971ರಾಗ ಊರಿನ ಸೆರೆ ಅಂಗಡಿ ನಡಸಲಿಕ್ಕೆ ಹಿಡದ್ರು. ಇಬ್ಬರು ಮಕ್ಕಳು, ದೊಡ್ಡವರಾಗಿ ಕೆಲಸಕ್ಕ ಬ್ಯಾರೆ ಊರಿಗೆ ಹೋದ್ರು. 2004ರಾಗ ರೂಡಿ ತೀರಿಕೊಂಡ. ಅವಗ ಓದೋ ಹುಚ್ಚು ಭಾಳ. ಅವನ ಆಶಾ ಇದ್ದಂಗ, ಅವನ ಸುಮಾರು 5000 ಪುಸ್ತಕ ಒಂದು ಸಣ್ಣ ಕಟ್ಟಡದಾಗ ಇಟ್ಟು ಲೈಬ್ರರಿ ಮಾಡಿದ್ರು.

ಅಲ್ಲಿಂದ ಊರಿನ ಅಧ್ಯಕ್ಷಳು, ಕಾರಕೂನಳು, ಖಜಾಂಚಿ, ಲೈಬ್ರರಿಯಾಕಿ, ಅಂಗಡಿಯಾಕಿ ಎಲ್ಲಾ ಎಲ್ಸಿನ. ಸೆರೆ ಲೈಸೆನ್ಸಿಗೆ ಅರ್ಜಿ ಹಾಕಾಕಿನೂ ತಾನ, ಮಂಜೂರು ಮಾಡಾಕಿನೂ ತಾನ. ತೆರಿಗಿ ಹಾಕಾಕಿ, ತುಂಬಾಕಿ ಎರಡೂ ತಾನ. ಪೇಪರಿನವರು ಇದನ್ನ ಚ್ಯಾಷ್ಟಿಗೆ ಬರೀತಾರ. ನನಗ ಚ್ಯಾಷ್ಟಿ ಅನಸಲಿಲ್ಲ. ಯಾಕಂದ್ರ ಪ್ರತಿ ವರ್ಷ ಆಕಿ ಊರಿನ ರಸ್ತೆ ಯೋಜನಾ ಬರದು ರಾಜ್ಯಕ್ಕ ಕಳಸ್ತಿದ್ದಳು, ತನಗ ತಾನ ತೆರಿಗಿ ಹಾಕಿಕೊಳ್ತಿದ್ದಳು. ಅದು ಯಾತಕ್ಕ ಅಂದ್ರ, ಊರಿನ ನಾಕು ಬೀದಿ ದೀಪ ಉರೀಲಿ ಅಂತ.

ಇದನ್ನ ಓದಿದಾಗ ನನಗ ನಮ್ಮ ಕಡೆ ಕಂದಾಯದ ಕಾಗದದಾಗ ಬರೋ ಒಂದು ಶಬ್ದ ನೆನಪಾತು, ‘ಬೇಚರಾಕ್ ಗ್ರಾಮ’. ಮಂದಿ ಇಲ್ಲದ, ಹೆಸರಷ್ಟ ಉಳಿದ ಊರಿಗೆ ಹಂಗಂತಾರ. ಅದು ಮೂಲದಾಗ ಫಾರಸಿ ಶಬ್ದ: ಬೇ-ಚಿರಾಗ್, ದೀಪ ಇಲ್ಲದ್ದು. ನಮ್ಮ ಹಿಂದಿನವರು ಊರು ಜೀವಂತ ಅದನೋ ಇಲ್ಲೋ ಅಂತ ತಲಿ ಎಣಿಸಿ ಹೇಳಲಿಲ್ಲ, ಸಂಜಿ ಮುಂದ ದೀಪ ಹಚ್ಚವರು ಇದ್ದಾರೋ ಇಲ್ಲೋ ನೋಡಿ ಹೇಳಿದ್ರು. ಆ ಲೆಕ್ಕದಾಗ ಎಲ್ಸಿ ಒಬ್ಬಾಕಿ ಇದ್ದರೂ ಮೊನೊವಿ ಬೇಚರಾಕ ಆಗಲಿಲ್ಲ. ಸುತ್ತಲಿನ ರೈತರು ಮೈಲುಗಟ್ಟಲೆ ಹಾದಿ ಸವೆಸಿ ಆಕಿ ಅಂಗಡಿಗೆ ಉಣ್ಣಲಿಕ್ಕೆ, ಇಸ್ಪೀಟ್ ಆಡಲಿಕ್ಕೆ, ಸುದ್ದಿ ಹೇಳಲಿಕ್ಕೆ ಬರ್ತಿದ್ರು. 2020ರ ಗಣತಿಯೊಳಗ ಇಬ್ಬರು ಅಂತ ಬಂತು. ಖರೇನ ಯಾರೂ ಬಂದಿರಲಿಲ್ಲ. ಒಬ್ಬೊಬ್ಬರ ಖಾಸಗಿ ಮಾಹಿತಿ ಹೊರಗ ಗೊತ್ತಾಗಬಾರದಂತ ಗಣತಿಯವರ ಸಣ್ಣ ಸಣ್ಣ ಅಂಕಿ ಬೇಕಂತ ಹಿಂದ ಮುಂದ ಮಾಡಿರ್ತಾರ.

ಒಬ್ಬಾಕಿನ ಇರೋದು ಛಲೋ ಅಂತ ನಾ ಹೇಳಂಗಿಲ್ಲ. ಕಾಲು ಉಳುಕಿದ್ರ ಬಾಜು ಮನಿ ಇಲ್ಲ, ಮಂಜು ಬಿದ್ದ ರಾತ್ರಿ ಬಾಗಿಲು ಬಡಿಯವರಿಲ್ಲ. ಮಕ್ಕಳು ಕರದ್ರೂ ‘ನಾ ಊರು ಬಿಟ್ಟು ಬರಂಗಿಲ್ಲ’ ಅಂತ ಹಠಾ ಹಿಡಿಯೋ ಅತ್ತಿ, ಅವ್ವ ನಮ್ಮ ಮನಿಗಳೊಳಗೂ ಇದ್ದಾರ. ಅವರಿಗೆ ನಾವು ಬುದ್ಧಿ ಹೇಳ್ತೇವಿ, ಸಿಟ್ಟೂ ಮಾಡ್ತೇವಿ. ಅವರು ಬಿಟ್ಟು ಬಂದ್ರ ಅಲ್ಲೆ ಏನೇನು ನಿಲ್ತದ ಅಂತ ಒಮ್ಮೆ ಎಣಿಸಿ ನೋಡಿದ ಮ್ಯಾಲೆ ಮಾತಾಡೋದು ಛಲೋ.

ನಿಮ್ಮ ನಿಮ್ಮ ತವರೂರಿನ ಸಾಲಿ, ಪೋಸ್ಟು, ಗಿರಣಿ, ಸಂತಿ ಯಾವ ವರ್ಷ ನಿಂತು ಅಂತ ಹಿರೇರನ್ನ ಕೇಳಿ ಒಂದು ಹಾಳಿಯೊಳಗ ಬರದಿಡ್ರಿ. ಮೊನೊವಿಯ ಇತಿಹಾಸ ನಮಗ ಗೊತ್ತಾಗಿದ್ದು ಇಂಥಾ ಸಣ್ಣ ಸಣ್ಣ ತಾರೀಖಿನಿಂದನ. ನಮ್ಮೂರಿನದು ನಾ ಬರೀಲಿಕ್ಕೆ ಹತ್ತೇನಿ. ಪೋಸ್ಟಿನ ವರ್ಷ ಒಂದು ಸಿಕ್ಕಿಲ್ಲ, ಯಾರಿಗರ ನೆನಪಿದ್ರ ಹೇಳ್ರಿ.