ಕುಮಟಾ ಹತ್ತಿ, ಅರಬೈಲು ಘಟ್ಟ

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆ ಊರನ್ನು ಕಂಡವರಿಗೆಲ್ಲ ಇದು ಗೊತ್ತು. ತೆಂಗು, ಅಡಿಕೆ, ಭತ್ತದ ಗದ್ದೆ, ಮೀನಿನ ಬುಟ್ಟಿ, ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡದ ಮಳೆ. ಅಂಥ ನೆಲದಲ್ಲಿ ಹತ್ತಿ ಬಿತ್ತಿದರೆ ಕಾಳು ಕೊಳೆತು ಹೋದೀತು. ಆದರೂ ನೂರೈವತ್ತು ವರ್ಷಗಳ ಹಿಂದೆ ಮುಂಬಯಿ ಪೇಟೆಯಲ್ಲಿ, ಅಲ್ಲಿಂದ ಮುಂದೆ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಮಾಲು ಮಾರಾಟವಾಗುತ್ತಿತ್ತು. ಅದು ನಮ್ಮ ಹತ್ತಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಗದಗ ಕಡೆಯ ಎರಿಹೊಲಗಳಲ್ಲಿ ಹುಟ್ಟಿ ಬೆಳೆದದ್ದು. ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ ಎಂಬ ಒಂದೇ ಕಾರಣಕ್ಕೆ ಬಂದರಿನ ಹೆಸರು ಅದಕ್ಕೆ ಅಂಟಿಕೊಂಡಿತು. ಲಗ್ನವಾಗಿ ಹೋದ ಮೇಲೆ ಹೆಣ್ಣುಮಗಳಿಗೆ ಗಂಡನ ಮನೆಯ ಅಡ್ಡಹೆಸರು ಹತ್ತುವುದಿಲ್ಲವೇ, ಹಾಗೆ. ತವರಿನ ಹೆಸರನ್ನು ಯಾರೂ ಕೇಳಲಿಲ್ಲ.

ನನ್ನ ತವರು ನವಲಗುಂದ ತಾಲೂಕಿನ ಒಂದು ಹಳ್ಳಿ. ನಮ್ಮಲ್ಲಿ ಗುಡ್ಡವೆಂದರೆ ನವಲಗುಂದದ ಗುಡ್ಡ ಒಂದೇ. ಉಳಿದದ್ದೆಲ್ಲ ಕಣ್ಣು ಹರಿಯುವಷ್ಟು ದೂರಕ್ಕೆ ಸಪಾಟು ಎರಿ. ಅಂಥ ಊರಿನ ಜನರ ಬಾಯಲ್ಲಿ 'ಘಟ್ಟ' ಎಂಬ ಮಾತು ಅಂಜಿಕೆಯ ಮಾತಾಗಿತ್ತು. "ಘಟ್ಟ ಇಳದು ಹೋದಾವ್ರು ಬಂದ ಮ್ಯಾಲೆ ಬಂದ್ರು ಅನ್ನಬೇಕು" ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆಕೆ ಅದನ್ನು ತನ್ನ ಅತ್ತೆಯ ಬಾಯಿಂದ ಕೇಳಿದ್ದು. ಹತ್ತಿ ಹೇರಿಕೊಂಡು ಗಂಡಸರು ಕಡಲಿನ ಕಡೆಗೆ ಹೊರಟರೆ ಹೋಗಿ ಬರಲು ಹದಿನೈದು ದಿನಕ್ಕೂ ಮೇಲೆ ಹಿಡಿಯುತ್ತಿತ್ತಂತೆ. ಮನೆಯಲ್ಲಿದ್ದ ಹೆಂಗಸು ದೇವರ ಮಾಡದಲ್ಲಿ ದಿನಕ್ಕೊಂದು ಹತ್ತಿಕಾಳು ಇಡುತ್ತ ಲೆಕ್ಕ ಹಿಡಿಯುತ್ತಿದ್ದಳಂತೆ. ಇಂಥ ಲೆಕ್ಕ ಯಾವ ಸರಕಾರಿ ದಫ್ತರದಲ್ಲೂ ಸಿಗುವುದಿಲ್ಲ ನೋಡಿ.

ಆಗಿನ ಸಾಗಣೆ ಹೇಗಿತ್ತೆಂಬುದನ್ನು ಸ್ವಲ್ಪ ಹೇಳಬೇಕು. ಬಯಲುಸೀಮೆಯಲ್ಲಿ ಚಕ್ಕಡಿ ನಡೆಯುತ್ತಿತ್ತು, ಅದೂ ಬೇಸಿಗೆಯಲ್ಲಿ ಮಾತ್ರ. ಮಳೆ ಬಿದ್ದ ಎರಿಯಲ್ಲಿ ಗಾಲಿ ಅಚ್ಚಿನವರೆಗೆ ಹೂತುಬಿಡುತ್ತದೆ. ಕಾಡು ಹೊಕ್ಕ ಮೇಲೆ ಹೇರೆತ್ತುಗಳೇ ಗತಿ. ಲಂಬಾಣಿಗಳು ದೊಡ್ಡ ದೊಡ್ಡ ಮಂದೆ ಕಟ್ಟಿಕೊಂಡು, ಒಂದೊಂದು ಎತ್ತಿನ ಬೆನ್ನಿನ ಎರಡೂ ಬದಿಗೆ ಹೇರು ಹಾಕಿ, ಕಾಲುದಾರಿಯಲ್ಲಿ ಘಟ್ಟ ಇಳಿಯುತ್ತಿದ್ದರು. ಹೋಗುವಾಗ ಹತ್ತಿ ಮತ್ತು ಕಾಳುಕಡಿ, ಬರುವಾಗ ಉಪ್ಪು ಮತ್ತು ತೆಂಗಿನಕಾಯಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ನಮ್ಮ ಒಲೆಗಳಿಗೆ ಬರುತ್ತಿದ್ದದ್ದು ಹೀಗೆ. ದಾರಿಯಲ್ಲಿ ಮಳೆ ಇಬ್ಬನಿಗೆ ಹತ್ತಿ ನೆನೆಯುತ್ತಿತ್ತು, ಮುಳ್ಳಿಗೆ ಸಿಕ್ಕಿ ಉದುರುತ್ತಿತ್ತು, ಧೂಳು ಕಸ ಸೇರುತ್ತಿತ್ತು. ಬೆರಕೆಯ ಹತ್ತಿ ಎಂಬ ಕೆಟ್ಟ ಹೆಸರು ನಮ್ಮ ಸೀಮೆಗೆ ಬಂದು, ಕೊನೆಗೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲು ಒಂದು ಕಾಯದೆಯನ್ನೇ ಮಾಡಿತು. ಮೋಸ ಮಾಡುವ ದಲಾಲಿಗಳು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕಸದ ಅರ್ಧ ಪಾಲು ದಾರಿಯದೇ ಇದ್ದೀತು ಎಂದು ನನಗೆ ಅನಿಸುತ್ತದೆ.

ಹತ್ತಿ ಹೊರಡುವ ಮೊದಲು ಅದರ ಕಾಳು ಬಿಡಿಸಬೇಕು. ಅದು ಹೆಂಗಸರ ಕೆಲಸ. ಧಾರವಾಡ ಸೀಮೆಯ ಪದ್ಧತಿ ಹೀಗಿತ್ತು: ಮುಂದೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಹತ್ತಿ, ಹತ್ತಿಯ ಮೇಲೆ ಒಂದು ಕಬ್ಬಿಣದ ಸಲಾಕೆ. ಹೆಣ್ಣುಮಗಳು ಗಿಡ್ಡ ಮಣೆಯ ಮೇಲೆ ಕೂತು, ಪಾದಕ್ಕೆ ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡು, ಆ ಸಲಾಕೆಯನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸಬೇಕು. ಅರಳೆ ಬೇರೆ, ಕಾಳು ಬೇರೆ ಆಗುತ್ತದೆ. ಇಡೀ ದಿನ ಹೀಗೆ ತುಳಿದರೆ ಸಿಗುತ್ತಿದ್ದದ್ದು ಕೆಲವೇ ಸೇರು ಅರಳೆ. ಲಿವರ್‌ಪೂಲಿಗೆ ಹೋದ ಪ್ರತಿ ಅಂಡಿಗೆಯ ಹಿಂದೆ ಇಂಥ ಎಷ್ಟು ಕಾಲುಗಳಿದ್ದವೋ!

1840ರ ದಶಕದಲ್ಲಿ ಇನ್ನೊಂದು ಹತ್ತಿ ಬಂತು. ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದಿಂದ ಹತ್ತಿ ಬೆಳೆಯುವವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಹಿಂದುಸ್ತಾನದ ಹಲವು ಕಡೆ ಬಿತ್ತಿಸಿ ನೋಡಿದರು. ಹೆಚ್ಚಿನ ಕಡೆ ಅದು ಏಳಲಿಲ್ಲ. ಧಾರವಾಡ ಜಿಲ್ಲೆಯಲ್ಲಿ ಮಾತ್ರ ಬೇರು ಬಿಟ್ಟಿತು, 'ಧಾರವಾಡ ಅಮೆರಿಕನ್' ಎಂಬ ಹೆಸರನ್ನೂ ಪಡೆಯಿತು. ಈ ಹತ್ತಿಗೆ ಸಲಾಕೆ ನಡೆಯುವುದಿಲ್ಲ, ಅರಳೆ ಕಾಳಿಗೆ ಗಟ್ಟಿಯಾಗಿ ಅಂಟಿರುತ್ತದೆ. ಹಾಗಾಗಿ ಗರಗಸದ ಹಲ್ಲಿನ ಜಿನ್ನುಗಳು ಬಂದವು, ಧಾರವಾಡದಲ್ಲಿ ಸರಕಾರದ ಜಿನ್ನಿನ ಕಾರಖಾನೆಯೂ ಆಯಿತು.

ಇಷ್ಟರಲ್ಲಿ ದೂರದ ಅಮೆರಿಕದಲ್ಲಿ ಯುದ್ಧ ಹತ್ತಿತು. 1861ರಿಂದ 1865ರವರೆಗೆ ಅಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಬಡಿದಾಡಿದವು. ಲ್ಯಾಂಕಾಶೈರಿನ ಗಿರಣಿಗಳು ತಿನ್ನುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರುತ್ತಿದ್ದದ್ದು ಅಮೆರಿಕದ ದಕ್ಷಿಣದಿಂದ. ಅಲ್ಲಿ ಅದನ್ನು ಬಿಡಿಸುತ್ತಿದ್ದವರು ಗುಲಾಮ ಗಂಡಸರು, ಗುಲಾಮ ಹೆಂಗಸರು. ಲಿಂಕನ್ ಸರಕಾರ ಆ ಬಂದರುಗಳನ್ನು ಮುಚ್ಚಿಸಿದ ಕೂಡಲೇ ಮ್ಯಾಂಚೆಸ್ಟರಿನವರ ಕಣ್ಣು ನಮ್ಮ ಎರಿಯ ಮೇಲೆ ಬಿತ್ತು. ಹತ್ತಿ ಏನೋ ಇತ್ತು. ಅದನ್ನು ಸಮುದ್ರಕ್ಕೆ ಇಳಿಸುವ ದಾರಿ ಇರಲಿಲ್ಲ.

ಅವರಿಗೆ ಈ ಚಿಂತೆ ಯುದ್ಧಕ್ಕೆ ಮೊದಲೇ ಇತ್ತು ಅನ್ನಬೇಕು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದು ಹುಟ್ಟಿತ್ತು. ಕಾರವಾರದ ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ ಅವರು ಆರಿಸಿಕೊಂಡ ಜಾಗ. ಜಿನ್ನು, ಪ್ರೆಸ್ಸು ಎಲ್ಲ ಹಡಗಿನಲ್ಲಿ ಬಂದವು. ಆದರೆ ಘಟ್ಟ ಹತ್ತಲು ರಸ್ತೆ ಸಿದ್ಧವಿರಲಿಲ್ಲ, ಕಂಪನಿಯೂ ಬಹಳ ವರ್ಷ ಬಾಳಲಿಲ್ಲ. ಮದುವೆಯ ಅಡಿಗೆಗೆ ಪಾತ್ರೆ ಬಂದು, ಅಕ್ಕಿ ಹಿಂದಿನ ಊರಿನಲ್ಲೇ ಉಳಿದ ಹಾಗೆ ಆಯಿತು.

ರಸ್ತೆ ಆಗದಿರಲು ಒಂದು ಕಾರಣ ಕಾಗದದ ಮೇಲಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದ್ದು, ಕಡಲಿರುವ ಕೆನರಾ ಮದರಾಸಿನದು. ಮುಂಬಯಿ ವ್ಯಾಪಾರಿಗಳ ಅವಸರಕ್ಕೆ ಮದರಾಸು ತನ್ನ ಹಣ ಯಾಕೆ ಸುರಿದೀತು? ಕೊನೆಗೆ ಕೆನರಾವನ್ನು ಎರಡು ಮಾಡಿ, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಒಂದು ಜಿಲ್ಲೆಯ ಜನ ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಹೋದದ್ದು ಹತ್ತಿಯ ಸಲುವಾಗಿ ಎಂದು ಮಕ್ಕಳಿಗೆ ಶಾಲೆಯಲ್ಲಿ ಹೇಳಿದರೆ ಅವರು ನಗುತ್ತಿದ್ದರು. ನಾನು ಇಪ್ಪತ್ತೈದು ವರ್ಷ ಇತಿಹಾಸ ಕಲಿಸಿದವಳು. ನಕ್ಕ ಪಾಠವೇ ಅವರಿಗೆ ನೆನಪಿರುವುದು.

ಮುಂದೆ ರಸ್ತೆಗಳಾದವು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದ ಕಡೆಯಿಂದ ಕೈಗಾ ಮತ್ತು ಅರಬೈಲು. ಹೇರೆತ್ತು ನೆಟ್ಟಗೆ ಹತ್ತಬಲ್ಲದು, ಮಾಲು ತುಂಬಿದ ಚಕ್ಕಡಿ ಹತ್ತಲಾರದು. ಇಪ್ಪತ್ತು ಅಡಿ ಮುಂದೆ ಹೋದರೆ ಒಂದಡಿ ಏರು, ಅದರ ಆಸುಪಾಸಿನಲ್ಲಿದ್ದರೆ ಮಾತ್ರ ಎತ್ತುಗಳು ಎಳೆದಾವು. ಅದಕ್ಕೇ ರಸ್ತೆ ಗುಡ್ಡದ ಮೈಗೆ ಸೀರೆಯ ನಿರಿಗೆಯ ಹಾಗೆ ಮಡಿಚಿಕೊಂಡು ಏರಬೇಕು. ಇಂದು ನಾವು ಕಾರಿನ ಕಿಟಕಿಯಿಂದ 'ಎಷ್ಟು ಚಂದ ತಿರುವು!' ಎನ್ನುವ ಒಂದೊಂದು ತಿರುವಿನ ಹಿಂದೆ ಎತ್ತಿನ ಉಸಿರಿನ ಲೆಕ್ಕವಿದೆ. ಬಂಡೆ ಒಡೆದವರ, ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರು ಎಲ್ಲಿಯೂ ಬರೆದಿಲ್ಲ. ಆ ಕಾಡಿನ ಚಳಿಜ್ವರಕ್ಕೆ ಸಾಹೇಬರೂ ಹೆದರುತ್ತಿದ್ದರೆಂದರೆ ಕೂಲಿಯವರ ಪಾಡು ನೀವೇ ಊಹಿಸಿರಿ.

1865ರಲ್ಲಿ ಯುದ್ಧ ನಿಂತಿತು, ಹತ್ತಿಯ ದರ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳು ಮುಳುಗಿದವು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಯ ಮಾರ್ಮಗೋವಾ ಬಂದರಿನವರೆಗೆ ಹಳಿ ಬಿದ್ದಿತು. ಅಣ್ಣಿಗೇರಿಯ ಹತ್ತಿ ಅಣ್ಣಿಗೇರಿ ಸ್ಟೇಶನ್ನಿನಲ್ಲೇ ಗಾಡಿ ಹತ್ತಿತು. ಕುಮಟಾ, ಕಾರವಾರ ಬಂದರುಗಳು ಮಂಕಾದವು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ತರುವ ಮಾತು ಎಷ್ಟೋ ವರ್ಷಗಳಿಂದ ನಡೆದಿದೆ. ಕಾಡು ಉಳಿಯಬೇಕು ಎನ್ನುವವರಿಗೂ ರೈಲು ಬೇಕು ಎನ್ನುವವರಿಗೂ ವಾದ ಕೋರ್ಟಿನವರೆಗೆ ಹೋಗಿದೆ. ಹೀಗಾಗಿ ಭಾರವೆಲ್ಲ ಇಂದಿಗೂ ಅರಬೈಲಿನ ಮೇಲೆ. 2000ದ ನಂತರ ಕೆಲವು ವರ್ಷ ಹೊಸಪೇಟೆ, ಬಳ್ಳಾರಿಯ ಅದಿರು ಹೇರಿದ ಲಾರಿಗಳು ಬೇಲೆಕೇರಿ ಬಂದರಿಗೆ ಇದೇ ದಾರಿಯಲ್ಲಿ ಸಾಲುಗಟ್ಟಿ ಇಳಿದವು. ರಸ್ತೆಯ ಬದಿಯ ಗಿಡಗಳ ಎಲೆ ಕೆಂಪಾಗಿದ್ದನ್ನು ನಾನೇ ಕಂಡಿದ್ದೇನೆ.

2025ರ ಫೆಬ್ರವರಿಯಲ್ಲಿ ನಾನು, ನಮ್ಮ ವೈನಿ ಇಬ್ಬರೇ ಗೋಕರ್ಣಕ್ಕೆ ಹೋಗಿ ಬಂದೆವು. ಕಾರು ನಡೆಸಿದವಳು ನಾನು. ನಿವೃತ್ತಿಯ ಹತ್ತಿರ ಬಂದಾಗ ಕಲಿತದ್ದು, ಅದಕ್ಕೇ ಹುರುಪು ಹೆಚ್ಚು. ಹೋಗುವಾಗ ಕಲಘಟಗಿಯಲ್ಲಿ ಮೊಮ್ಮಗನ ತೊಟ್ಟಿಲ ವಿಚಾರ ಮಾಡಿದೆವು. ಅಲ್ಲಿಯ ಬಣ್ಣದ ತೊಟ್ಟಿಲು ನಮ್ಮ ಕಡೆ ತಲೆಮಾರಿಗೆ ಒಂದು ಇದ್ದರೆ ಸಾಕು, ಬಣ್ಣ ಹೋಗುವುದಿಲ್ಲ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಅಲ್ಲಿಂದ ಇಡಗುಂದಿ ದಾಟಿದ ಮೇಲೆ ನೆಲ ಒಮ್ಮೆಲೇ ಕಾಲ ಕೆಳಗಿನಿಂದ ಜಾರಿದಂತಾಗುತ್ತದೆ. ಇಳಿಯುವಾಗ ಕಣ್ಣೆಲ್ಲ ಬ್ರೇಕಿನ ಮೇಲೆ, ಏನೂ ಕಾಣಲಿಲ್ಲ. ಘಟ್ಟವನ್ನು ನೋಡಬೇಕಾದದ್ದು ಹತ್ತುವಾಗ.

ಬೆಳಿಗ್ಗೆ ಅಂಕೋಲೆಯಿಂದ ಹೊರಟು ಸುಂಕಸಾಳ, ರಾಮನಗುಳಿ ದಾಟಿದೆವು. ಗಂಗಾವಳಿ ನದಿ ಬಹಳ ದೂರ ಜೊತೆಗಿರುತ್ತದೆ. ಇದರ ಒಂದು ಮೂಲ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ. ಮುಂದೆ ಬೇಡ್ತಿ ಎನಿಸಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. "ನಮ್ಮೂರ ನೀರು ನಮಗಿಂತ ಮೊದಲ ಬಂದು ಕೂತದಲ್ಲ" ಎಂದರು ವೈನಿ. ಏರು ಸುರುವಾದ ಮೇಲೆ ಅವರು ಮಾತು ನಿಲ್ಲಿಸಿದರು. ಎರಡನೇ ಗೇರು, ಮತ್ತೆ ಎರಡನೇ ಗೇರು. ಇಕ್ಕಟ್ಟಿನ ಜಾಗದಲ್ಲಿ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕೆಂದು ನಿಯಮ. ಕೆಲವು ಲಾರಿಯವರು ಬಿಟ್ಟರು, ಕೆಲವರು ಹಾರ್ನ್ ಹೊಡೆದರು. ಒಂದು ಬದಿಗೆ ಕಡಿದ ಕೆಂಪು ಧರೆ, ಇನ್ನೊಂದು ಬದಿಗೆ ಮರಗಳ ತುದಿಗಳು. ಮರದ ನೆತ್ತಿಯನ್ನು ಮೇಲಿನಿಂದ ನೋಡುವುದು ನಮ್ಮಂಥ ಬಯಲಿನವರಿಗೆ ಹೊಸದು. 2021ರ ಜುಲೈ ಮಳೆಯಲ್ಲಿ ಇಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತ್ತು. ಗುಳ್ಳಾಪುರದಲ್ಲಿ ನದಿಯ ಸೇತುವೆ ಕೊಚ್ಚಿಹೋಗಿತ್ತು, ಒಳಗಿನ ಕಳಚೆ ಊರಿನಲ್ಲಿ ತೋಟ ಮನೆಗಳೇ ಜಾರಿಹೋಗಿದ್ದವು.

ಗುಳ್ಳಾಪುರದ ಹತ್ತಿರ ನಾನು ವೇಗ ಇಳಿಸಿದೆ. ಏಕೆಂದು ವೈನಿ ಕೇಳಲಿಲ್ಲ. ಅದೇ ಜನವರಿ 22ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ತರಕಾರಿ ಹಣ್ಣು ತುಂಬಿದ ಲಾರಿಯೊಂದು ಅಲ್ಲಿ ಕಣಿವೆಗೆ ಉರುಳಿ ಹತ್ತು ಜನ ಸತ್ತಿದ್ದರು. ಎಲ್ಲರೂ ಮಾಲಿನ ಮೇಲೆಯೇ ಕೂತು ಹೊರಟವರು. ಊರು ಸವಣೂರು. ಈಗ ಹಾವೇರಿ ಜಿಲ್ಲೆಯದು, 1997ರವರೆಗೆ ನಮ್ಮ ಧಾರವಾಡದ್ದೇ. ಅವರು ಹೊರಟಿದ್ದು ಕುಮಟಾದ ಬುಧವಾರದ ಸಂತೆಗೆ.

"ಮನ್ಯಾಗಿನವ್ರು ರಾತ್ರಿ ಬುತ್ತಿ ಕಟ್ಟಿ ಕಳಿಸಿರ್ತಾರ, ನೋಡು" ಎಂದರು ವೈನಿ. ಮುಂದಿನ ನಾಲ್ಕು ತಿರುವು ಇಬ್ಬರೂ ಮಾತಾಡಲಿಲ್ಲ. ಮೇಲೆ ಬಂದ ಮೇಲೆ ಗಾಡಿ ಬದಿಗೆ ನಿಲ್ಲಿಸಿದೆ. ಎಂಜಿನ್ನಿನ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಕೆಳಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬಾಳೆಕಾಯಿ ಹೇರಿದ ಒಂದು ಲಾರಿ ಏದುತ್ತ ಮೇಲೆ ಬಂತು, ತೆಂಗಿನಕಾಯಿಯದು ಇನ್ನೊಂದು. ಹೇರೆತ್ತುಗಳ ಕಾಲದ ಮಾಲೇ ಇವತ್ತಿಗೂ ಮೇಲೆ ಬರುತ್ತಿದೆ.

ಯಲ್ಲಾಪುರದಲ್ಲಿ ಚಹಾ ಕುಡಿದು ಮಧ್ಯಾಹ್ನಕ್ಕೆ ಹುಬ್ಬಳ್ಳಿ ಮುಟ್ಟಿದೆವು. ವೈನಿಯನ್ನು ಅಣ್ಣಿಗೇರಿಗೆ ಬಿಡಬೇಕಿತ್ತು, ನಿಲ್ಲದೆ ಹಾಗೇ ಮುಂದೆ ಹೋದೆವು. ಎರಿಯಲ್ಲಿ ಕೊನೆಯ ಬಿಡಿಸು ನಡೆದಿತ್ತು. ಈಗ ಇಲ್ಲಿ ಆ ಹಳೆಯ ಕುಮಟಾ ತಳಿ ಇಲ್ಲ. ನಡುವೆ ಜಯಧರ ಬಂದು ಹೋಯಿತು. 1972ರಲ್ಲಿ ಧಾರವಾಡದ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಸಂಕರ ಹತ್ತಿ ಕೊಟ್ಟರು. ಆ ಬೀಜ ತಯಾರಿಸಲು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಕೆಲಸ ಹೆಂಗಸರದೇ ಆಗಿತ್ತು. ಈಗ ಎಲ್ಲ ಪಾಕೀಟಿನ ಬಿಟಿ ಬೀಜ. ಬಿಡಿಸುವ ಕೈಗಳು ಮಾತ್ರ ಬದಲಾಗಿಲ್ಲ. ಸೆರಗನ್ನು ಉಡಿ ಮಾಡಿ ಕಟ್ಟಿಕೊಂಡ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸಾಲು ಹಿಡಿದು ನಡೆದಿದ್ದರು. ರಸ್ತೆಯ ಬದಿಗೆ ಅವರನ್ನು ಸಂಜೆ ಊರಿಗೆ ಒಯ್ಯುವ ಟಂಟಂ ನಿಂತಿತ್ತು. ಅದರ ತಲೆಯ ಮೇಲೆ ಆಗಲೇ ಎರಡು ಅಂಡಿಗೆ ಹೇರಿದ್ದರು.