ಗಾಳಿಯ ಖಾತೆ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ಬರೆದು ಗೊತ್ತೇ ಹೊರತು ದೊಡ್ಡ ಓದಿಲ್ಲ. ಇಂದು ಗಾಳಿಯ ಲೆಕ್ಕ ಹೇಗೆ ಬಂತೆಂದು ಹೇಳುತ್ತೇನೆ.

ಹಿಂದೆ ಕಣ್ಣಿಗೆ ಕಂಡ ಹೊಗೆಯೇ ಸಾಕ್ಷಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ರಿಂಗೆಲ್ಮನ್ ಎಂಬವರು ಬಿಳುಪಿನಿಂದ ಕಪ್ಪಿನವರೆಗೆ ಛಾಯೆಗಳಿರುವ ಒಂದು ಕಾರ್ಡು ಮಾಡಿದರು. ಚಿಮಣಿಯ ಹೊಗೆಯನ್ನು ಅದಕ್ಕೆ ಹೋಲಿಸಿ ಅಂಕ ಕೊಡುವುದು. ನಮ್ಮಲ್ಲಿ 1905ರಲ್ಲಿ ಬಂಗಾಳಕ್ಕೆ, 1912ರಲ್ಲಿ ಬೊಂಬಾಯಿಗೆ ಹೊಗೆ ಕಾಯಿದೆಗಳು ಬಂದವು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಹೊಗೆಮಂಜು ಕವಿದು ಸಾವಿರಾರು ಜನ ಸತ್ತ ಮೇಲೆ ಲೋಕಕ್ಕೆ ಎಚ್ಚರವಾಯಿತು. ಮರುವರ್ಷ, 1953ರ ಅಕ್ಟೋಬರ್ 1ರಂದು, ನಮ್ಮ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. ಆದರೆ 1981ರಲ್ಲಿ ಬಂದ ವಾಯುಮಾಲಿನ್ಯ ಕಾಯಿದೆ ಗಡಿಯ ಎರಡೂ ಕಡೆಗೆ ಒಂದೇ.

ಅಳೆಯುವ ಬಗೆ ಸರಳ. ಯಂತ್ರ ಗಾಳಿಯನ್ನು ಎಳೆದು ಗಾಜಿನ ನಾರಿನ ಕಾಗದದಲ್ಲಿ ಸೋಸುತ್ತದೆ. ಕಾಗದವನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತಾರೆ. ಹೆಚ್ಚಾದ ತೂಕವೇ ಧೂಳು. ನಮ್ಮ ಆರಂಭ ಶಿಲ್ಕು, ಆಖೈರು ಶಿಲ್ಕು ಇದ್ದ ಹಾಗೆ! 2009ರ ಮಾನದಂಡದ ಪ್ರಕಾರ ಹತ್ತು ಮೈಕ್ರಾನಿನೊಳಗಿನ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಆ ಧೂಳಿನಲ್ಲಿ ರಸ್ತೆಯದೆಷ್ಟು, ಲಾರಿಯದೆಷ್ಟು, ಸುಟ್ಟ ಕಸದ್ದೆಷ್ಟು ಎಂದು ಬಾಬತ್ತುವಾರು ಬಿಡಿಸಿದರೆ ಯಾವುದನ್ನು ಮೊದಲು ತಡೆಯಬೇಕೆಂದು ತಿಳಿಯುತ್ತದೆ. ಯೋಜನೆ ಎಂದರೆ ಅಷ್ಟೇ.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಅದರ ಪಟ್ಟಿಯಲ್ಲಿ ಆಂಧ್ರದ 13 ಊರುಗಳಿದ್ದವು, ಕರ್ನೂಲೂ ಒಂದು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ. ಆದವಾನಿ ಇರಲಿಲ್ಲ. ಹಾಗೆಂದು ಅಲ್ಲಿನ ಗಾಳಿ ಚೊಕ್ಕವೆಂದು ಅರ್ಥವಲ್ಲ. ವರ್ಷಗಟ್ಟಲೆ ಅಳೆದು, ಮಿತಿ ಮೀರಿದ ಊರುಗಳನ್ನೇ ಪಟ್ಟಿಗೆ ಸೇರಿಸಿದ್ದು. ಅಳೆಯದ ಊರಿಗೆ ಖಾತೆಯೇ ತೆರೆಯುವುದಿಲ್ಲ.

ಆದವಾನಿ ಹತ್ತಿಯ ಊರು. ಹಂಗಾಮಿನಲ್ಲಿ ಹಮಾಲಿ ಅಣ್ಣಂದಿರು, ಮಿಲ್ಲಿನ ಅಕ್ಕಂದಿರು ತಲೆಯ ಮೇಲೆ ಅರಳೆ ಹೊತ್ತು, ಕೆಮ್ಮುತ್ತಾ ನನ್ನ ಕೌಂಟರಿಗೆ ಬರುತ್ತಿದ್ದರು. ಅವರ ರೂಪಾಯಿ ಪೈಸೆಯನ್ನೆಲ್ಲ ತಪ್ಪಿಲ್ಲದೆ ಬರೆದೆ. ಕೆಮ್ಮು ಬರೆಯಲು ನನ್ನ ಲೆಡ್ಜರಿನಲ್ಲಿ ಕಾಲಂ ಇರಲಿಲ್ಲ.

ಗೋನೆಗಂಡ್ಲದ ಹುಡುಗರೂ ಕೂಲಿಗೆ, ಓದಿಗೆ ಆ ಊರಿಗೇ ಹೋಗುತ್ತಾರೆ. ಆದುದರಿಂದ ನಾವು ಕನ್ನಡದಲ್ಲಿ ಕೇಳೋಣ, ತೆಲುಗಿನಲ್ಲಿ ಅರ್ಜಿ ಬರೆಯೋಣ: ಮೊದಲು ನಮ್ಮ ಗಾಳಿಯನ್ನು ಅಳೆಯಿರಿ, ಆಮೇಲೆ ಉಳಿದ ಮಾತು.