ಬಣ್ಣದ ಪದರಗಳಲ್ಲಿ ಅಡಗಿದ ಚರಿತ್ರೆ

ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಯುವುದು ಬರಿಯ ಸಿಂಗಾರದ ಕೆಲಸವೆಂದು ನಾವು ಭಾವಿಸುತ್ತೇವೆ. ಆದರೆ ಆ ಬಣ್ಣವೂ ಒಂದು ದಾಖಲೆ. ಓದದೆ ಉಜ್ಜಿದರೆ ಶಾಸನವೊಂದು ಅಳಿಸಿಹೋದಂತೆ.

ಮೊದಮೊದಲ ಕಾರುಗಳಿಗೆ ಕುದುರೆಗಾಡಿಯ ಬಣ್ಣವನ್ನೇ ಬಳಿಯುತ್ತಿದ್ದರು. ಎಣ್ಣೆ, ವಾರ್ನಿಷುಗಳ ಲೇಪಗಳು ಒಂದೊಂದಾಗಿ ಒಣಗಲು ವಾರಗಳೇ ಹಿಡಿಯುತ್ತಿದ್ದವು. ಈ ಸ್ಥಿತಿಯನ್ನು ಬದಲಿಸಿದ್ದು ಹತ್ತಿ! ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ದೊರೆಯುತ್ತದೆ. ಸಿಡಿಮದ್ದಿಗೂ ಹಳೆಯ ಸಿನಿಮಾ ರೀಲಿಗೂ ಅದೇ ಮೂಲವಸ್ತು. ಸಿಡಿಮದ್ದು ತಯಾರಿಸುತ್ತಿದ್ದ ಅಮೆರಿಕದ ಡುಪಾಂಟ್ ಸಂಸ್ಥೆ 1920ರ ದಶಕದಲ್ಲಿ ಇದರಿಂದ 'ಡ್ಯೂಕೊ' ಎಂಬ ಬಣ್ಣವನ್ನು ಮಾರುಕಟ್ಟೆಗೆ ತಂದಿತು. ಸಿಂಪಡಿಸಿದರೆ ಬೇಗನೆ ಒಣಗುವ ಈ ಬಣ್ಣದಿಂದ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಆ ವ್ಯಾಪಾರನಾಮವೇ ನಮ್ಮ ಗ್ಯಾರೇಜುಗಳಲ್ಲಿ ಆಡುಮಾತಾಗಿ ಉಳಿಯಿತು.

ಪೀಣ್ಯ, ವೈಟ್‌ಫೀಲ್ಡ್‌ನಂಥ ಕಡೆ ಮನೆಯಂಗಳದಲ್ಲೇ ಹಳೆಯ ಅಂಬಾಸಿಡರ್, ಪದ್ಮಿನಿಗಳಿಗೆ ಜೀವ ಕೊಡಲು ಹೊರಟವರು ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ಬಾಗಿಲಿನ ಒಳಅಂಚಿನಲ್ಲಿ ಕಾಸಿನಗಲದ ಜಾಗವನ್ನು ಉಪ್ಪುಕಾಗದದಿಂದ ನೀರು ಹಾಕಿ ಮೆಲ್ಲನೆ ಉಜ್ಜಿದರೆ, ಮರದ ವರ್ಷವಲಯಗಳಂತೆ ಬಣ್ಣದ ಉಂಗುರಗಳು ಕಾಣುತ್ತವೆ. ಕೆಳಗಿನ ಪ್ರೈಮರಿಗೆ ಅಂಟಿಕೊಂಡಿರುವ ಬಣ್ಣವೇ ಸಾಮಾನ್ಯವಾಗಿ ಕಾರ್ಖಾನೆಯದು. ಅದನ್ನು ಛಾಯಾಚಿತ್ರ ತೆಗೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು; ನೀರು ಹಾಕಿ ಉಜ್ಜಿದರೆ ಆ ಧೂಳು ಗಾಳಿಗೆ ಹಾರುವುದಿಲ್ಲ.

ಡ್ಯೂಕೊ ಮಾದರಿಯ ಬಣ್ಣಕ್ಕೆ ಮಳೆಗಾಲ ಆಗಿಬರುವುದಿಲ್ಲ. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕೂತು, ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಇಂದು ಬಳಕೆಯಲ್ಲಿರುವ ಎರಡು ದ್ರವ ಬೆರೆಸುವ ಪಾಲಿಯುರೆಥೇನ್ ಬಣ್ಣ ಹೆಚ್ಚು ಗಟ್ಟಿ. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಆಸ್ತಮಾ ತರಬಲ್ಲದು. ಬಟ್ಟೆಯ ಮುಖಗವುಸು ಅದನ್ನು ತಡೆಯದು. ಆದ್ದರಿಂದ ಈ ಬಣ್ಣವನ್ನು ತಕ್ಕ ಶ್ವಾಸರಕ್ಷಣೆಯಿರುವ ಸಿಂಪಡಣೆ ಕೋಣೆಗೆ ಬಿಡುವುದೇ ಜಾಣತನ.

50 ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ನೀಡುವ ಕೇಂದ್ರದ ನಿಯಮ 2021ರಲ್ಲಿ ಬಂದಿತು. ಚಾಸಿ, ಬಾಡಿ, ಎಂಜಿನ್‌ಗಳ ಮೂಲರೂಪ ಹೆಚ್ಚು ಬದಲಾಗಿರಬಾರದೆಂಬುದು ಅದರ ಷರತ್ತು. ಮೂಲವನ್ನು ಉಳಿಸುವುದಕ್ಕೆ ಹೀಗೆ ಕಾನೂನಿನ ಮನ್ನಣೆಯೂ ದೊರೆಯಿತು.

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೊಮ್ಮಸಂದ್ರದಲ್ಲಿ ತಯಾರಾದ ವಿದ್ಯುತ್ ಕಾರು 'ರೇವಾ' 2001ರಲ್ಲಿ ರಸ್ತೆಗಿಳಿಯಿತು. ಅದರ ಹೊರಮೈ ತುಕ್ಕು ಹಿಡಿಯದ ಎಬಿಎಸ್ ಪ್ಲಾಸ್ಟಿಕ್. ಮೊದಲ ರೇವಾಗಳಿಗೆ 2051ರಲ್ಲಿ 50 ತುಂಬುತ್ತದೆ. ಅವುಗಳನ್ನು ಉಳಿಸುವ ವಿದ್ಯೆಯನ್ನು ಕಂಡುಕೊಳ್ಳಬೇಕಾದವರು ಇಂದಿನ ವಿದ್ಯಾರ್ಥಿಗಳೇ.